ಜುಟ್ಟಿನ ಮಲ್ಲಿಗೆ ಹೊಟ್ಟೆಗೆ ಹಿಟ್ಟಾದೀತೇ? ಯೂರೋಪಿನ ಸಂಸ್ಕೃತಿ ಲೆಕ್ಕ

'ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು' ಎಂಬ ಗಾದೆ ಕನ್ನಡದಲ್ಲಿದೆ. ನಾಟಕ, ಸಂಗೀತ, ಚಿತ್ರಕಲೆಗೆ ಸರ್ಕಾರ ಏಕೆ ಹಣ ಕೊಡಬೇಕು ಎಂಬ ಪ್ರಶ್ನೆ ಎದ್ದಾಗಲೆಲ್ಲ ಯೂರೋಪಿನ ಹಣಕಾಸು ಇಲಾಖೆಗಳೂ ಹೆಚ್ಚುಕಡಿಮೆ ಇದೇ ಮಾತನ್ನು ಆಡುತ್ತಿದ್ದವು. ಮೊದಲು ಹಿಟ್ಟು, ಮಿಕ್ಕಿದರೆ ಮಲ್ಲಿಗೆ. ಕಳೆದ ಶತಮಾನದ ಕೊನೆಗೆ ಅಲ್ಲಿ ಈ ಮಾತು ತಲೆಕೆಳಗಾಯಿತು. ಮಲ್ಲಿಗೆಯೇ ಹಿಟ್ಟು ತಂದುಕೊಡುತ್ತದೆ, ಕಲೆಯೇ ನಾಳಿನ ಕಾರ್ಖಾನೆ ಎಂಬ ಹೊಸ ವಾದ ಹುಟ್ಟಿತು. ಅದಕ್ಕೆ 'ಸೃಜನಶೀಲ ಉದ್ಯಮ' ಎಂಬ ಹೆಸರೂ ಸಿಕ್ಕಿತು.

ಆ ವಾದ ಈಗಲೂ ನಡೆಯುತ್ತಿದೆ. ಐರೋಪ್ಯ ಒಕ್ಕೂಟದ ಆಡಳಿತ ಮಂಡಳಿಯಾದ ಐರೋಪ್ಯ ಆಯೋಗವು 2025ರ ಜುಲೈನಲ್ಲಿ 2028ರಿಂದ 2034ರವರೆಗಿನ ಬಜೆಟ್ ಪ್ರಸ್ತಾವವನ್ನು ಮುಂದಿಟ್ಟಿತು. ಸಂಸ್ಕೃತಿ, ಮಾಧ್ಯಮ ಮತ್ತು ನಾಗರಿಕ ಹಕ್ಕುಗಳ ಕಾರ್ಯಕ್ರಮಗಳನ್ನೆಲ್ಲ 'ಅಗೋರಾ ಇಯು' ಎಂಬ ಒಂದೇ ಸೂರಿನಡಿ ತಂದು 860 ಕೋಟಿ ಯೂರೊ ಕೊಡಬೇಕೆಂಬುದು ಅದರಲ್ಲಿರುವ ಪ್ರಸ್ತಾವ. ಸಂಸ್ಕೃತಿಗೆ ಹೀಗೆ ಹಣ ಕೇಳುವಾಗಲೆಲ್ಲ ಮುಂದಿಡುವ ಕಾರಣಗಳಲ್ಲಿ ಉದ್ಯೋಗ ಮತ್ತು ಆದಾಯಕ್ಕೆ ದೊಡ್ಡ ಸ್ಥಾನವಿದೆ. ಕಾಲು ಶತಮಾನದಿಂದ ಕೊಡುತ್ತಾ ಬಂದ ಈ ಭರವಸೆ ಎಷ್ಟರಮಟ್ಟಿಗೆ ನಿಜವಾಯಿತು? ಲಾಭ ಯಾರ ಕೈ ಸೇರಿತು? ಸಣ್ಣ ಭಾಷೆಗಳನ್ನು ಆಡುವ ಜನರಿಗೆ ಇದರಿಂದ ಏನು ದಕ್ಕಿತು?

ಬೈಗುಳ ಬಿರುದಾದ ಬಗೆ

ಸಂಸ್ಕೃತಿಯನ್ನು 'ಉದ್ಯಮ' ಎಂದು ಮೊದಲು ಕರೆದವರು ಅದನ್ನು ಹೊಗಳಿಕೆಯಾಗಿ ಹೇಳಿರಲಿಲ್ಲ. ಹಿಟ್ಲರನ ಆಡಳಿತದಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದ್ದ ಜರ್ಮನ್ ಚಿಂತಕರಾದ ಥಿಯೋಡೋರ್ ಅಡೋರ್ನೊ ಮತ್ತು ಮಾಕ್ಸ್ ಹಾರ್ಕ್‌ಹೈಮರ್ 1940ರ ದಶಕದಲ್ಲಿ ಈ ಮಾತನ್ನು ಬಳಸಿದರು. ಸಿನಿಮಾ, ರೇಡಿಯೊಗಳು ಕಲೆಯನ್ನು ಕಾರ್ಖಾನೆಯ ಸರಕಿನಂತೆ ಒಂದೇ ಅಚ್ಚಿನಲ್ಲಿ ತಯಾರಿಸಿ ಜನರನ್ನು ಮಂಕಾಗಿಸುತ್ತಿವೆ ಎಂಬುದು ಅವರ ಟೀಕೆಯಾಗಿತ್ತು.

ಎರಡನೇ ಮಹಾಯುದ್ಧದ ನಂತರ ಪಶ್ಚಿಮ ಯೂರೋಪಿನ ಸರ್ಕಾರಗಳು ಕಲೆಯನ್ನು ಶಾಲೆ, ಆಸ್ಪತ್ರೆಗಳ ಹಾಗೆ ಸಾರ್ವಜನಿಕ ಸೇವೆಯೆಂದೇ ನೋಡಿದವು. ಬ್ರಿಟನ್ನಿನಲ್ಲಿ 1946ರಲ್ಲಿ ಆರ್ಟ್ಸ್ ಕೌನ್ಸಿಲ್ ಸ್ಥಾಪನೆಯಾಯಿತು. ಅದರ ಹಿಂದಿದ್ದವರು ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್. ಲಾಭ ನಷ್ಟದ ಲೆಕ್ಕ ಬಲ್ಲ ಅವರೇ ಕಲೆಗೆ ಸರ್ಕಾರದ ನೆರವು ಬೇಕೆಂದು ವಾದಿಸಿದ್ದರು.

ಗ್ರೀಸ್ ದೇಶದ ಸಂಸ್ಕೃತಿ ಸಚಿವೆ, ನಟಿ ಮೆಲಿನಾ ಮರ್ಕೂರಿ ಅವರ ಸಲಹೆಯಂತೆ 1985ರಲ್ಲಿ ಅಥೆನ್ಸ್‌ನಿಂದ 'ಯೂರೋಪಿನ ಸಾಂಸ್ಕೃತಿಕ ನಗರ' ಯೋಜನೆ ಆರಂಭವಾಯಿತು. ಮೊದಲ ಕೆಲವು ವರ್ಷ ಈ ಗೌರವ ಹೆಸರಾಂತ ಊರುಗಳ ಪಾಲಾಯಿತು. 1990ರಲ್ಲಿ ಅದು ಹಡಗು ಕಟ್ಟುವ ಉದ್ಯಮ ಕುಸಿದು ಕಂಗೆಟ್ಟಿದ್ದ ಗ್ಲಾಸ್ಗೊ ನಗರಕ್ಕೆ ಸಿಕ್ಕಾಗ ಚಿತ್ರ ಬದಲಾಯಿತು. ಮುಚ್ಚಿದ ಕಾರ್ಖಾನೆಯ ಊರನ್ನು ಕಲೆಯ ಮೂಲಕ ಮೇಲೆತ್ತಬಹುದು ಎಂಬ ಆಸೆ ಯೂರೋಪಿನ ಅನೇಕ ನಗರಸಭೆಗಳಿಗೆ ಅಂಟಿತು.

1997ರಲ್ಲಿ ಬ್ರಿಟನ್ನಿನಲ್ಲಿ ಟೋನಿ ಬ್ಲೇರ್ ಅವರ ಲೇಬರ್ ಸರ್ಕಾರ ಬಂದಿತು. 'ರಾಷ್ಟ್ರೀಯ ಪರಂಪರೆ ಇಲಾಖೆ'ಯ ಹೆಸರನ್ನು 'ಸಂಸ್ಕೃತಿ, ಮಾಧ್ಯಮ ಮತ್ತು ಕ್ರೀಡಾ ಇಲಾಖೆ' ಎಂದು ಬದಲಿಸಲಾಯಿತು. ಸಚಿವ ಕ್ರಿಸ್ ಸ್ಮಿತ್ ಅವರ ಕಾಲದಲ್ಲಿ, 1998ರಲ್ಲಿ, ಸೃಜನಶೀಲ ಉದ್ಯಮಗಳ ಮೊದಲ ಲೆಕ್ಕಪಟ್ಟಿ ಹೊರಬಂತು. ಅರ್ಧ ಶತಮಾನದ ಹಿಂದೆ ಬೈಗುಳವಾಗಿದ್ದ ಮಾತು ಈಗ ಬಿರುದಾಗಿತ್ತು.

ಬುಟ್ಟಿಯಲ್ಲಿ ಏನೇನಿದೆ?

ಆ ಪಟ್ಟಿಯಲ್ಲಿ ಒಟ್ಟು 13 ವಿಭಾಗಗಳಿದ್ದವು. ಸಂಗೀತ, ರಂಗಭೂಮಿ, ಚಲನಚಿತ್ರ, ಪುಸ್ತಕ ಪ್ರಕಾಶನ, ಕರಕುಶಲ ಕಲೆ ಇವೆಲ್ಲ ಇದ್ದವು. ಜೊತೆಗೆ ಜಾಹೀರಾತು, ವಾಸ್ತುಶಿಲ್ಪ, ಉಡುಪು ವಿನ್ಯಾಸ, ಕಂಪ್ಯೂಟರ್ ಆಟಗಳೂ ಇದ್ದವು. ಕೊನೆಗೆ ಸಾಫ್ಟ್‌ವೇರ್ ಕೂಡ ಸೇರಿತ್ತು. ಒಬ್ಬ ವ್ಯಕ್ತಿಯ ಕಲ್ಪನೆ ಮತ್ತು ಕೌಶಲದಿಂದ ಹುಟ್ಟಿ, ಹಕ್ಕುಸ್ವಾಮ್ಯದ ಮೂಲಕ ಹಣ ಮತ್ತು ಉದ್ಯೋಗ ತರಬಲ್ಲದ್ದೆಲ್ಲವೂ ಸೃಜನಶೀಲ ಉದ್ಯಮ ಎಂಬುದು ಅದರ ವ್ಯಾಖ್ಯೆ. ಈ ವ್ಯಾಖ್ಯೆಯ ಪ್ರಕಾರ ಹಳ್ಳಿಯ ಬೊಂಬೆಯಾಟದವನೂ ಬ್ಯಾಂಕಿಗೆ ಸಾಫ್ಟ್‌ವೇರ್ ಬರೆಯುವವನೂ ಒಂದೇ ಬುಟ್ಟಿಯೊಳಗೆ ಬಂದರು.

ಬುಟ್ಟಿ ದೊಡ್ಡದಾದಂತೆ ಅಂಕಿಯೂ ದೊಡ್ಡದಾಯಿತು. 2001ರ ಎರಡನೇ ಪಟ್ಟಿ ಹೊರಬಂದಾಗ ಈ ಉದ್ಯಮಗಳ ವಹಿವಾಟು 11,250 ಕೋಟಿ ಪೌಂಡ್, ಉದ್ಯೋಗ 13 ಲಕ್ಷ ಎಂದು ಸಾರಲಾಯಿತು. ಈ ಅಂಕಿ ಎಷ್ಟು ಗಟ್ಟಿ ಎಂಬುದು ಹತ್ತು ವರ್ಷಗಳ ನಂತರ ಬಯಲಾಯಿತು. 2010ರ ವರದಿಯಲ್ಲಿ ಬ್ರಿಟನ್ನಿನ ಆರ್ಥಿಕತೆಯಲ್ಲಿ ಸೃಜನಶೀಲ ಉದ್ಯಮದ ಪಾಲು ಶೇ. 5.6 ಎಂದಿತ್ತು. ಮರುವರ್ಷದ ವರದಿಯಲ್ಲಿ ಅದು ಶೇ. 2.9ಕ್ಕೆ ಇಳಿಯಿತು. ನಾಟಕ ಮಂದಿರಗಳೇನೂ ಒಂದೇ ವರ್ಷದಲ್ಲಿ ಮುಚ್ಚಿಹೋಗಿರಲಿಲ್ಲ. ವ್ಯಾಪಾರಕ್ಕೆ ಬಳಸುವ ಸಾಫ್ಟ್‌ವೇರನ್ನು ಪಟ್ಟಿಯಿಂದ ಕೈಬಿಟ್ಟದ್ದೇ ಇಳಿಕೆಯ ಮುಖ್ಯ ಕಾರಣ. 2014ರಲ್ಲಿ ಲೆಕ್ಕದ ಕ್ರಮವನ್ನು ಮತ್ತೆ ಬದಲಿಸಿ ಮಾಹಿತಿ ತಂತ್ರಜ್ಞಾನವನ್ನು ಒಳಗೆ ತಂದಾಗ ಪಾಲು ಪುನಃ ಶೇ. 5.2ಕ್ಕೆ ಏರಿತು. ಪಟ್ಟಿಯಲ್ಲಿ ಅತಿ ದೊಡ್ಡ ವಿಭಾಗವೂ ಅದೇ ಆಯಿತು.

ಬ್ರಿಟನ್ನಿನ ಈ ಮಾದರಿ ಬೇಗನೆ ಬ್ರಸೆಲ್ಸ್ ತಲುಪಿತು. ಅದಕ್ಕೆ ಕಾನೂನಿನ ಕಾರಣವೂ ಇದೆ. 1992ರ ಮಾಸ್ಟ್ರಿಕ್ಟ್ ಒಪ್ಪಂದದಂತೆ ಸಂಸ್ಕೃತಿ ಮೂಲತಃ ಆಯಾ ದೇಶದ ವಿಷಯ. ಒಕ್ಕೂಟ ನೆರವು ಕೊಡಬಹುದು, ಆದರೆ ದೇಶಗಳ ಸಾಂಸ್ಕೃತಿಕ ಕಾನೂನುಗಳನ್ನು ಒಂದೇ ತೆರನಾಗಿ ತಿದ್ದುವಂತಿಲ್ಲ. ಹೀಗಾಗಿ ಬ್ರಸೆಲ್ಸ್‌ನಲ್ಲಿ ಸಂಸ್ಕೃತಿಯ ಪರವಾಗಿ ಮಾತನಾಡುವವರಿಗೆ ಮಾರುಕಟ್ಟೆ, ಉದ್ಯೋಗ, ಬೆಳವಣಿಗೆ ಎಂಬ ಮಾತುಗಳೇ ಅನುಕೂಲವಾದವು. ಯೂರೋಪನ್ನು ಜಗತ್ತಿನ ಅತ್ಯಂತ ಸ್ಪರ್ಧಾತ್ಮಕ ಜ್ಞಾನ ಆರ್ಥಿಕತೆ ಮಾಡುತ್ತೇವೆ ಎಂದು 2000ದಲ್ಲಿ ಲಿಸ್ಬನ್‌ನಲ್ಲಿ ನಾಯಕರು ಘೋಷಿಸಿದ ಮೇಲಂತೂ ಆ ಮಾತಿಗೆ ಇನ್ನಷ್ಟು ಬೆಲೆ ಬಂತು.

2006ರಲ್ಲಿ ಐರೋಪ್ಯ ಆಯೋಗಕ್ಕಾಗಿ ಕೆಇಎ ಸಂಸ್ಥೆ ಒಂದು ದೊಡ್ಡ ಅಧ್ಯಯನ ಮಾಡಿಕೊಟ್ಟಿತು. 2003ರಲ್ಲಿ ಸಂಸ್ಕೃತಿ ಮತ್ತು ಸೃಜನಶೀಲ ವಲಯದ ವಹಿವಾಟು 65,400 ಕೋಟಿ ಯೂರೊ, ಒಕ್ಕೂಟದ ಒಟ್ಟು ಉತ್ಪನ್ನದಲ್ಲಿ ಅದರ ಪಾಲು ಶೇ. 2.6, 2004ರಲ್ಲಿ ಉದ್ಯೋಗ 58 ಲಕ್ಷ ಎಂದು ಅದು ಹೇಳಿತು. ಕಾರು ತಯಾರಿಕೆಯ ವಹಿವಾಟಿಗಿಂತ ಇದು ದೊಡ್ಡದು ಎಂಬ ಹೋಲಿಕೆ ಎಲ್ಲೆಡೆ ಸುದ್ದಿಯಾಯಿತು. ಆದರೆ 58 ಲಕ್ಷದೊಳಗೆ ಸಾಂಸ್ಕೃತಿಕ ಪ್ರವಾಸೋದ್ಯಮದ ಕೆಲಸಗಳೂ ಸೇರಿದ್ದವು. ವಹಿವಾಟು ಎಂದರೆ ಕೈಬದಲಾದ ಹಣವೇ ಹೊರತು ಉಳಿದ ಆದಾಯವಲ್ಲ. ಮುದ್ರಕ, ಸಗಟು ವ್ಯಾಪಾರಿ, ಅಂಗಡಿಯವ ಹೀಗೆ ಒಂದೇ ಪುಸ್ತಕ ಕೈಯಿಂದ ಕೈಗೆ ಹೋದಾಗಲೆಲ್ಲ ಅದು ಲೆಕ್ಕಕ್ಕೆ ಬರುತ್ತದೆ. ಪುಸ್ತಕ ಬರೆದವನಿಗೆ ಎಷ್ಟು ಸಿಕ್ಕಿತು ಎಂಬುದು ಅದರಿಂದ ತಿಳಿಯದು.

ಇಷ್ಟಾಗಿ, ಹೊಗಳಿಕೆಗೆ ತಕ್ಕ ಹಣವನ್ನು ಒಕ್ಕೂಟ ಕೊಟ್ಟಿತೇ? 2021ರಿಂದ 2027ರವರೆಗಿನ 'ಕ್ರಿಯೇಟಿವ್ ಯೂರೋಪ್' ಕಾರ್ಯಕ್ರಮಕ್ಕೆ ಏಳು ವರ್ಷಗಳಿಗೆ ಸೇರಿ ಸಿಕ್ಕಿದ್ದು ಸುಮಾರು 244 ಕೋಟಿ ಯೂರೊ. ಒಕ್ಕೂಟದ ಆ ಅವಧಿಯ ಬಜೆಟ್‌ನಲ್ಲಿ ಇದು ಶೇ. 0.2ರ ಆಸುಪಾಸು ಮಾತ್ರ.

ಕಟ್ಟಡಗಳು ಕಲಿಸಿದ ಪಾಠ

ಅಂಕಿಗಳನ್ನು ಬದಿಗಿಟ್ಟು ಊರುಗಳನ್ನೇ ನೋಡಬಹುದು. ಉಕ್ಕಿನ ಕಾರ್ಖಾನೆಗಳಿಗೆ ಹೆಸರಾದ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ 1999ರ ಮಾರ್ಚ್‌ನಲ್ಲಿ ಜನಪ್ರಿಯ ಸಂಗೀತದ ರಾಷ್ಟ್ರೀಯ ಕೇಂದ್ರ ಬಾಗಿಲು ತೆರೆಯಿತು. ವೆಚ್ಚ 1.5 ಕೋಟಿ ಪೌಂಡ್. ಅದರ ಬಹುಪಾಲು ಸರ್ಕಾರಿ ಲಾಟರಿಯ ಹಣ. ವರ್ಷಕ್ಕೆ 4 ಲಕ್ಷ ಜನ ಬರುತ್ತಾರೆ ಎಂಬ ಅಂದಾಜಿನ ಮೇಲೆ ಎಲ್ಲ ಲೆಕ್ಕ ನಿಂತಿತ್ತು. ಜನ ಅದರ ಹತ್ತಿರಕ್ಕೂ ಬರಲಿಲ್ಲ. 2000ದ ಜೂನ್‌ನಲ್ಲೇ ಕೇಂದ್ರ ಮುಚ್ಚಿತು. ಆ ಕಟ್ಟಡ ಮುಂದೆ ಶೆಫೀಲ್ಡ್ ಹಲಾಂ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘದ ಪಾಲಾಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತಾಯಿತು.

ಇನ್ನೊಂದು ಕಡೆ ಸ್ಪೇನ್ ದೇಶದ ಬಾಸ್ಕ್ ಪ್ರಾಂತದ ಬಿಲ್ಬಾವೊ ಇದೆ. 1997ರಲ್ಲಿ ಅಲ್ಲಿ ಫ್ರಾಂಕ್ ಗೆಹ್ರಿ ವಿನ್ಯಾಸದ ಗುಗೆನ್‌ಹೈಮ್ ವಸ್ತುಸಂಗ್ರಹಾಲಯ ತೆರೆಯಿತು. ಪ್ರವಾಸಿಗರು ಲಕ್ಷಗಟ್ಟಲೆ ಬಂದರು. ಒಂದು ಕಟ್ಟಡದಿಂದ ಊರೇ ಬದಲಾಯಿತು ಎಂಬ ಕಥೆ ಜಗತ್ತಿನ ತುಂಬ ಹರಡಿತು. ಆ ಕಥೆಯಲ್ಲಿ ಬಿಟ್ಟುಹೋದ ಸಂಗತಿಗಳೂ ಇವೆ. ವಸ್ತುಸಂಗ್ರಹಾಲಯ ಬರುವ ಮುನ್ನವೇ, 1995ರಲ್ಲಿ, ಬಿಲ್ಬಾವೊಗೆ ಮೆಟ್ರೊ ರೈಲು ಬಂದಿತ್ತು. ಕಾರ್ಖಾನೆಗಳ ಕೊಳಕಿನಿಂದ ಸತ್ತಂತಿದ್ದ ನದಿಯನ್ನು ಶುದ್ಧಗೊಳಿಸುವ ಕೆಲಸ 1980ರ ದಶಕದಿಂದಲೂ ನಡೆದಿತ್ತು. ಸ್ವಂತ ತೆರಿಗೆ ಎತ್ತುವ ಅಧಿಕಾರ ಬಾಸ್ಕ್ ಆಡಳಿತಕ್ಕಿತ್ತು. ಕಟ್ಟಡವನ್ನು ಮಾತ್ರ ನಕಲು ಮಾಡಿದ ಊರುಗಳಿಗೆ ಉಳಿದದ್ದೆಲ್ಲ ಎಲ್ಲಿಂದ ಬರಬೇಕು?

ಮೂರನೆಯದು ಜರ್ಮನಿಯ ಹ್ಯಾಂಬರ್ಗ್. ಅಲ್ಲಿನ ಎಲ್ಬ್‌ಫಿಲ್‌ಹಾರ್ಮನಿ ಸಂಗೀತ ಭವನಕ್ಕೆ ಸಾರ್ವಜನಿಕ ಬೊಕ್ಕಸದಿಂದ 7.7 ಕೋಟಿ ಯೂರೊ ಸಾಕು ಎಂದು ಮೊದಲು ಹೇಳಲಾಗಿತ್ತು. 2017ರ ಜನವರಿಯಲ್ಲಿ ಅದು ಉದ್ಘಾಟನೆಯಾಗುವ ಹೊತ್ತಿಗೆ ಬೊಕ್ಕಸದ ಹೊರೆ 78.9 ಕೋಟಿಗೆ ಏರಿತ್ತು. ಭವನ ಸೊಗಸಾಗಿದೆ, ಜನರೂ ತುಂಬಿ ಬರುತ್ತಿದ್ದಾರೆ. ಆದರೆ ಅದೇ ಊರಿನ ಕಲಾವಿದರು 2009ರ ಆಗಸ್ಟ್‌ನಲ್ಲಿ ಗೆಂಗೆಫೀರ್ಟಲ್ ಎಂಬ ಹಳೆಯ ಕೇರಿಯ ಕಟ್ಟಡಗಳಿಗೆ ನುಗ್ಗಿ ಕುಳಿತಿದ್ದರು. ಬಂಡವಾಳಗಾರರಿಗೆ ಮಾರಿಹೋಗಿದ್ದ ಆ ಮನೆಗಳ ಪೈಕಿ ಹೆಚ್ಚಿನವು ನೆಲಸಮವಾಗುವುದರಲ್ಲಿದ್ದವು. ನಗರವನ್ನು ಮಾರುಕಟ್ಟೆಯ ಸರಕು ಮಾಡುವ ಕೆಲಸಕ್ಕೆ ತಮ್ಮ ಹೆಸರು ಬಳಸಬೇಡಿ ಎಂದು ಊರಿನ ಕಲಾವಿದರು ಅದೇ ವರ್ಷ ಬಹಿರಂಗ ಪ್ರಕಟಣೆಯನ್ನೂ ಹೊರಡಿಸಿದರು. ಡಿಸೆಂಬರ್‌ನಲ್ಲಿ ನಗರಾಡಳಿತ ಆ ಕೇರಿಯನ್ನು ಮರಳಿ ಕೊಂಡುಕೊಂಡಿತು.

ಹ್ಯಾಂಬರ್ಗ್‌ನ ಜಗಳದಲ್ಲಿ ದೊಡ್ಡದೊಂದು ಸತ್ಯವಿದೆ. ಬಾಡಿಗೆ ಕಡಿಮೆ ಇರುವ ಕಡೆ ಕಲಾವಿದರು ಸೇರುತ್ತಾರೆ. ಅವರಿಂದ ಕೇರಿಗೆ ಹೆಸರು ಬರುತ್ತದೆ. ಹೆಸರು ಬಂದಮೇಲೆ ಬಾಡಿಗೆ ಏರುತ್ತದೆ. ಬಾಡಿಗೆ ಏರಿದ ಮೇಲೆ ಹೆಸರು ತಂದವರೇ ಗಂಟುಮೂಟೆ ಕಟ್ಟಬೇಕಾಗುತ್ತದೆ. 2002ರಲ್ಲಿ 'ಸೃಜನಶೀಲ ವರ್ಗ' ನಗರಗಳನ್ನು ಉದ್ಧಾರ ಮಾಡುತ್ತದೆ ಎಂದು ಬರೆದು ಖ್ಯಾತರಾದ ಅಮೆರಿಕದ ರಿಚರ್ಡ್ ಫ್ಲೋರಿಡಾ ಅವರೇ 2017ರ ಪುಸ್ತಕದಲ್ಲಿ ಇಂಥ ನಗರಗಳಲ್ಲಿ ಅಸಮಾನತೆ ಹೆಚ್ಚಿದ್ದನ್ನು ವಿವರಿಸಬೇಕಾಯಿತು.

ಕಲಾವಿದನ ಪಾಲು

ಐರೋಪ್ಯ ಒಕ್ಕೂಟದ ಅಂಕಿಅಂಶ ಕಚೇರಿಯ ಪ್ರಕಾರ 2023ರಲ್ಲಿ 78 ಲಕ್ಷ ಜನ ಸಂಸ್ಕೃತಿ ಸಂಬಂಧಿ ಕೆಲಸಗಳಲ್ಲಿದ್ದರು. ಒಟ್ಟು ಉದ್ಯೋಗದಲ್ಲಿ ಇದು ಶೇ. 3.8. ಭರವಸೆ ಪೂರ್ತಿ ಸುಳ್ಳಲ್ಲ ಎಂಬುದಕ್ಕೆ ಇದು ಸಾಕ್ಷಿ. ಆದರೆ ಇವರಲ್ಲಿ ಸುಮಾರು ಮೂರನೇ ಒಂದು ಭಾಗ ಜನರಿಗೆ ಧಣಿ ಇಲ್ಲ, ತಿಂಗಳ ಸಂಬಳವೂ ಇಲ್ಲ. ಸ್ವಂತ ದುಡಿಮೆ. ಉಳಿದ ವೃತ್ತಿಗಳಿಗೆ ಹೋಲಿಸಿದರೆ ಈ ಪ್ರಮಾಣ ಎರಡು ಪಟ್ಟಿಗೂ ಹೆಚ್ಚು. ಇಂದು ಕೆಲಸವಿದ್ದರೆ ನಾಳೆಗೆ ಖಾತ್ರಿ ಇಲ್ಲ.

ಕೊರೊನಾ ಬಂದಾಗ ಇದು ಬಯಲಿಗೆ ಬಿತ್ತು. ಇವೈ ಸಂಸ್ಥೆ 2021ರ ಆರಂಭದಲ್ಲಿ ಪ್ರಕಟಿಸಿದ ಅಧ್ಯಯನದಂತೆ 2020ರಲ್ಲಿ ಯೂರೋಪಿನ ಸಾಂಸ್ಕೃತಿಕ ಮತ್ತು ಸೃಜನಶೀಲ ವಲಯ ಸುಮಾರು ಶೇ. 31ರಷ್ಟು ಆದಾಯ ಕಳೆದುಕೊಂಡಿತು. ರಂಗಭೂಮಿಯಂಥ ಪ್ರದರ್ಶನ ಕಲೆಗಳ ನಷ್ಟ ಶೇ. 90, ಸಂಗೀತದ್ದು ಶೇ. 76. ಅದೇ ವರ್ಷ ವಿಡಿಯೊ ಆಟಗಳ ಆದಾಯ ಮಾತ್ರ ಶೇ. 9ರಷ್ಟು ಏರಿತು. ಒಂದೇ ಬುಟ್ಟಿಯಲ್ಲಿದ್ದರೂ ಎಲ್ಲರ ಹಣೆಬರಹ ಒಂದೇ ಅಲ್ಲ.

ಕೆಲವು ದೇಶಗಳು ಈ ಸತ್ಯವನ್ನು ಮೊದಲೇ ಅರಿತಿದ್ದವು. ಜರ್ಮನಿಯಲ್ಲಿ 1983ರಿಂದ ಕಲಾವಿದರ ಸಾಮಾಜಿಕ ವಿಮಾ ನಿಧಿ ಇದೆ. ಆರೋಗ್ಯ ಮತ್ತು ಪಿಂಚಣಿ ವಿಮೆಯ ಕಂತಿನಲ್ಲಿ ಅರ್ಧವನ್ನು ಕಲಾವಿದ ಕಟ್ಟಿದರೆ, ಉಳಿದರ್ಧವನ್ನು ಸರ್ಕಾರವೂ ಕಲಾವಿದರಿಂದ ಕೆಲಸ ಪಡೆಯುವ ಪ್ರಕಾಶಕರು, ಕಂಪನಿಗಳೂ ಕೂಡಿ ಭರಿಸುತ್ತಾರೆ. ಫ್ರಾನ್ಸ್‌ನಲ್ಲಿ ವರ್ಷಕ್ಕೆ 507 ಗಂಟೆ ದುಡಿದ ನಟರು, ತಂತ್ರಜ್ಞರಿಗೆ ಕೆಲಸವಿಲ್ಲದ ದಿನಗಳಲ್ಲಿ ಭತ್ಯೆ ಸಿಗುವ ವ್ಯವಸ್ಥೆ ಇದೆ. 2003ರಲ್ಲಿ ಅದರ ನಿಯಮ ಬಿಗಿ ಮಾಡಿದಾಗ ಮುಷ್ಕರ ಎಷ್ಟು ತೀವ್ರವಾಯಿತೆಂದರೆ ಹೆಸರಾಂತ ಅವಿನ್ಯೋ ನಾಟಕೋತ್ಸವವೇ ರದ್ದಾಯಿತು.

ಐರ್ಲೆಂಡ್ 2022ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅರ್ಹರ ಪಟ್ಟಿಯಿಂದ ಚೀಟಿ ಎತ್ತಿದ ಹಾಗೆ 2,000 ಕಲಾವಿದರನ್ನು ಆರಿಸಿ ವಾರಕ್ಕೆ 325 ಯೂರೊ ಕೊಡತೊಡಗಿತು. ಇಂಥದ್ದನ್ನೇ ರಚಿಸಿ ತೋರಿಸಬೇಕು ಎಂಬ ಷರತ್ತು ಹಾಕಲಿಲ್ಲ. 2025ರ ಅಕ್ಟೋಬರ್ ಬಜೆಟ್ ಹೊತ್ತಿಗೆ ಯೋಜನೆಯನ್ನು ಕಾಯಂ ಮಾಡುವುದಾಗಿ ಸರ್ಕಾರ ಪ್ರಕಟಿಸಿತು. ಸ್ವಾರಸ್ಯವೆಂದರೆ ಅಲ್ಲೂ ಲೆಕ್ಕ ಒಪ್ಪಿಸಬೇಕಾಯಿತು. ಖರ್ಚು ಮಾಡಿದ ಒಂದೊಂದು ಯೂರೊಗೆ ಸಮಾಜಕ್ಕೆ 1.39 ಯೂರೊ ಪ್ರಯೋಜನವಾಗಿದೆ ಎಂದು ಸರ್ಕಾರ ಮಾಡಿಸಿದ ಅಧ್ಯಯನ ಹೇಳಿತು.

ಸಣ್ಣ ಭಾಷೆಗೆ ಮಾರುಕಟ್ಟೆ ಎಲ್ಲಿ?

ಎರಡು ಭಾಷೆಗಳ ನಡುವೆ ಬಾಳುವ ಊರಿನವರಿಗೆ ಈ ವಿಷಯದಲ್ಲಿ ಮುಖ್ಯವೆನಿಸುವ ಪ್ರಶ್ನೆ ಬೇರೆಯೇ. ಸಂಸ್ಕೃತಿಯನ್ನು ಮಾರಾಟದಿಂದಲೇ ಅಳೆದರೆ, ಕೊಳ್ಳುವವರು ಕಡಿಮೆ ಇರುವ ಭಾಷೆಯ ಗತಿ ಏನು?

1993ರಲ್ಲಿ ಜಾಗತಿಕ ವ್ಯಾಪಾರದ ಗ್ಯಾಟ್ ಮಾತುಕತೆಯಲ್ಲಿ ಫ್ರಾನ್ಸ್ ಇದೇ ಪ್ರಶ್ನೆ ಎತ್ತಿತ್ತು. ಸಿನಿಮಾ, ಟಿವಿಗಳನ್ನು ಬೇರೆ ಸರಕುಗಳಂತೆ ಮುಕ್ತ ಮಾರುಕಟ್ಟೆಗೆ ಬಿಡಲಾಗದು ಎಂದು ಹಟ ಹಿಡಿಯಿತು. ಆ ಹಟದ ಮುಂದುವರಿಕೆಯಾಗಿ 2005ರಲ್ಲಿ ಯುನೆಸ್ಕೊ ಸಾಂಸ್ಕೃತಿಕ ವೈವಿಧ್ಯದ ಒಡಂಬಡಿಕೆಯನ್ನು ಅಂಗೀಕರಿಸಿತು. ಪರವಾಗಿ 148 ದೇಶ, ವಿರುದ್ಧ ಎರಡೇ: ಅಮೆರಿಕ ಮತ್ತು ಇಸ್ರೇಲ್. ಭಾರತವೂ ಈ ಒಡಂಬಡಿಕೆಗೆ ಸೇರಿದೆ. ಫ್ರಾನ್ಸ್ ದೊಡ್ಡ ದೇಶ, ಫ್ರೆಂಚ್ ದೊಡ್ಡ ಭಾಷೆ. ಅದಕ್ಕಿಂತ ಚಿಕ್ಕ ಭಾಷೆಗಳ ಕಥೆಯಲ್ಲಿ ಕಲಿಯುವುದು ಹೆಚ್ಚಿದೆ.

ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ ವೆಲ್ಶ್ ಭಾಷೆ ಇಂಗ್ಲಿಷಿನ ನೆರಳಲ್ಲೇ ಬದುಕಿದೆ. ವೆಲ್ಶ್ ಟಿವಿ ವಾಹಿನಿ ಕೊಡುವುದಾಗಿ ಹೇಳಿದ್ದ ಮಾರ್ಗರೆಟ್ ಥ್ಯಾಚರ್ ಸರ್ಕಾರ ಮಾತಿಗೆ ತಪ್ಪಿದಾಗ, 1980ರಲ್ಲಿ ಗ್ವಿನ್‌ಫೋರ್ ಎವಾನ್ಸ್ ಎಂಬ ನಾಯಕ ಆಮರಣಾಂತ ಉಪವಾಸದ ಎಚ್ಚರಿಕೆ ಕೊಟ್ಟರು. ಉಪವಾಸ ಶುರುವಾಗುವ ಮೊದಲೇ ಸರ್ಕಾರ ಮಣಿಯಿತು. 1982ರ ನವೆಂಬರ್ 1ರಂದು ಎಸ್4ಸಿ ವಾಹಿನಿ ಆರಂಭವಾಯಿತು.

ಈ ವಾಹಿನಿ ಹೆಚ್ಚಿನ ಕಾರ್ಯಕ್ರಮಗಳನ್ನು ತಾನೇ ತಯಾರಿಸದೆ ಹೊರಗಿನ ಸಂಸ್ಥೆಗಳಿಂದ ಮಾಡಿಸಿತು. ಅದರಿಂದ ಕರ್ನಾರ್ವನ್‌ನಂಥ ಸಣ್ಣ ಊರುಗಳಲ್ಲೂ ಚಿತ್ರೀಕರಣ ಸಂಸ್ಥೆಗಳು ಹುಟ್ಟಿ ಕ್ಯಾಮೆರಾ, ಸಂಕಲನ, ಧ್ವನಿಯ ಕೆಲಸ ಬಲ್ಲ ಯುವಕರಿಗೆ ತಮ್ಮ ಭಾಷೆಯಲ್ಲೇ ಅನ್ನ ಸಿಕ್ಕಿತು. 2013ರಲ್ಲಿ ಬಂದ 'ಹಿಂಟರ್‌ಲ್ಯಾಂಡ್' ಪತ್ತೇದಾರಿ ಧಾರಾವಾಹಿಯ ದೃಶ್ಯಗಳನ್ನು ಅದೇ ನಟರಿಂದ ಒಮ್ಮೆ ವೆಲ್ಶ್‌ನಲ್ಲಿ, ಮತ್ತೊಮ್ಮೆ ಇಂಗ್ಲಿಷಿನಲ್ಲಿ ಚಿತ್ರೀಕರಿಸಲಾಯಿತು. ಅದು ಹೊರದೇಶಗಳಿಗೂ ಮಾರಾಟವಾಯಿತು. ಎರಡು ಭಾಷೆ ಬಲ್ಲದ್ದೇ ಅಲ್ಲಿ ಬಂಡವಾಳವಾಯಿತು.

ಐರ್ಲೆಂಡಿನಲ್ಲೂ ಇದೇ ದಾರಿ. ಐರಿಷ್ ಭಾಷೆಯ ಟಿಜಿ4 ವಾಹಿನಿ 1996ರಲ್ಲಿ ಆರಂಭವಾದಾಗ ಅದರ ನೆಲೆ ರಾಜಧಾನಿ ಡಬ್ಲಿನ್ ಆಗಿರಲಿಲ್ಲ. ಐರಿಷ್ ಇನ್ನೂ ಮನೆಮಾತಾಗಿ ಉಳಿದಿದ್ದ ಪಶ್ಚಿಮದ ಕೊನೆಮಾರಾ ಪ್ರದೇಶದಲ್ಲಿ ಅದನ್ನು ಕಟ್ಟಲಾಯಿತು. 2017ರಿಂದ ಐರಿಷ್ ಚಲನಚಿತ್ರಗಳಿಗೆಂದೇ 'ಸಿನೆ4' ಎಂಬ ನೆರವಿನ ಯೋಜನೆ ಬಂತು. ಆ ಯೋಜನೆಯಲ್ಲಿ ತಯಾರಾದ, ಕಾಲ್ಮ್ ಬರೇಡ್ ನಿರ್ದೇಶನದ 'ಅನ್ ಕಲೀನ್ ಕ್ಯೂನ್' (ಮೌನಿ ಹುಡುಗಿ) 2023ರಲ್ಲಿ ಆಸ್ಕರ್‌ಗೆ ನಾಮನಿರ್ದೇಶನಗೊಂಡ ಮೊದಲ ಐರಿಷ್ ಭಾಷಾ ಚಿತ್ರವೆನಿಸಿತು. ವಾಹಿನಿ ಹುಟ್ಟಿದ ದಿನದಿಂದ ಆ ದಿನದವರೆಗೆ 26 ವರ್ಷ ಕಳೆದಿದ್ದವು. ಯಾವ ಹೂಡಿಕೆದಾರ ಅಷ್ಟು ಕಾಲ ಕಾದಾನು?

ಹಾಗೆಂದು ಟಿವಿಯೊಂದೇ ಭಾಷೆಯನ್ನು ಉಳಿಸದು. 2011ರ ಜನಗಣತಿಯಲ್ಲಿ ವೇಲ್ಸ್‌ನ ಶೇ. 19ರಷ್ಟು ಜನ ವೆಲ್ಶ್ ಬಲ್ಲವರಾಗಿದ್ದರೆ 2021ರಲ್ಲಿ ಅದು ಶೇ. 17.8ಕ್ಕೆ ಇಳಿಯಿತು. ಮನೆ, ಶಾಲೆ, ಊರಿನಲ್ಲೇ ಕೆಲಸ ಇವಿಲ್ಲದೆ ಪರದೆಯ ಮೇಲಿನ ಭಾಷೆ ನಾಲಿಗೆಗೆ ಇಳಿಯುವುದಿಲ್ಲ. ಸರ್ಕಾರದ ಕೈ ಬಿಗಿಯಾದರೆ ವಾಹಿನಿಯೂ ನಡುಗುತ್ತದೆ. 2010ರ ವೆಚ್ಚ ಕಡಿತದಲ್ಲಿ ಎಸ್4ಸಿಗೆ ಇಲಾಖೆಯಿಂದ ಬರುತ್ತಿದ್ದ ನೇರ ಅನುದಾನದ ಬಹುಪಾಲನ್ನು ನಿಲ್ಲಿಸುವ ತೀರ್ಮಾನವಾಯಿತು. ಈಗ ಅದು ಟಿವಿ ಲೈಸೆನ್ಸ್ ಶುಲ್ಕವನ್ನೇ ನೆಚ್ಚಿಕೊಂಡಿದೆ.

ಕೊನೆಗೆ ಉಳಿಯುವ ಲೆಕ್ಕ

ಕಾಲು ಶತಮಾನದ ಅನುಭವ ಹೇಳುವುದು ಇಷ್ಟು. ಕಲೆಯಿಂದ ದುಡಿಮೆ ಹುಟ್ಟುತ್ತದೆ ಎಂಬುದು ನಿಜ. ಆದರೆ ದುಡ್ಡನ್ನೇ ಗುರಿ ಮಾಡಿಕೊಂಡು ಹೊರಟ ಕಡೆ ಅಂಕಿ ಬೆಳೆಯಿತು, ಕಟ್ಟಡ ಎದ್ದಿತು, ಬಾಡಿಗೆ ಏರಿತು, ಕಲಾವಿದ ಇದ್ದಲ್ಲೇ ಉಳಿದ. ಭಾಷೆ ಮತ್ತು ಜನರನ್ನು ಗುರಿ ಮಾಡಿಕೊಂಡ ಕಡೆ ದುಡ್ಡು ನಿಧಾನವಾಗಿ ಹಿಂದಿನಿಂದ ಬಂತು. ವೇಲ್ಸ್‌ನ ಹೋರಾಟಗಾರರು ಉದ್ಯೋಗ ಸೃಷ್ಟಿಯ ವರದಿ ಹಿಡಿದು ಸರ್ಕಾರದ ಬಾಗಿಲಿಗೆ ಹೋಗಿರಲಿಲ್ಲ. ತಮ್ಮ ಭಾಷೆಯಲ್ಲಿ ಸುದ್ದಿ ಕೇಳುವುದು ತಮ್ಮ ಹಕ್ಕು ಎಂದಿದ್ದರು. ಉದ್ಯೋಗ ಆಮೇಲೆ ಹುಟ್ಟಿತು.

ಲಾಭ ತರುತ್ತದೆ ಎಂಬ ಕಾರಣಕ್ಕೆ ಮಾತ್ರ ಬಂದ ನೆರವು ಲಾಭ ಕಾಣದ ವರ್ಷ ನಿಂತುಹೋಗುವ ಭಯವೂ ಇದೆ. ಬ್ರಸೆಲ್ಸ್‌ನಲ್ಲಿ ಮುಂದಿನ ಏಳು ವರ್ಷಗಳ ಬಜೆಟ್ ಅಂತಿಮವಾಗುವಾಗ 860 ಕೋಟಿ ಎಂಬ ಅಂಕಿ ಎಷ್ಟಕ್ಕೆ ನಿಲ್ಲುತ್ತದೆ ಎಂಬುದರ ಜೊತೆಗೆ, ಆ ಹಣದಲ್ಲಿ ಎಷ್ಟು ಪಾಲು ಕೊಳ್ಳುವವರು ಕಡಿಮೆ ಇರುವ ಭಾಷೆಗಳ ಹಾಡು, ನಾಟಕ, ಪುಸ್ತಕಗಳಿಗೆ ತಲುಪುತ್ತದೆ ಎಂಬುದನ್ನೂ ನೋಡಬೇಕು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಯೂರೋಪಿನಲ್ಲೂ ನಿಜವಾಗದಿರಲಿ.